ಮೂಗಿಗಿಂತ ಮೂಗುತಿ ಭಾರವಾಗಬಾರದು

ಸರಕು ಲಾರಿಗೆ ಹೊಸ ಸ್ವಿಚ್ಚು ಹಾಕಿಸುವ ರೈತರಿಗೆ ನಾಲ್ಕು ಮಾತು

ಹಿಂದಿನ ಕಾಲದಲ್ಲಿ ರೈತನ ಗಾಡಿಗೆ ದೀಪವೆಂದರೆ ಅಚ್ಚಿನ ಕೆಳಗೆ ತೂಗುಹಾಕಿದ ಒಂದು ಲಾಟೀನು. ಅದಕ್ಕೆ ಸ್ವಿಚ್ಚಿಲ್ಲ, ತಂತಿಯಿಲ್ಲ. ಎಣ್ಣೆ ಇರುವಷ್ಟು ಹೊತ್ತು ಉರಿಯುವುದು, ತೀರಿದರೆ ಆರುವುದು. ಇಂದು ಆ ಗಾಡಿಯ ಜಾಗದಲ್ಲಿ ಸಣ್ಣ ಸರಕು ಲಾರಿ ಬಂದು ನಿಂತಿದೆ. ೨೦೦೫ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲಂತೂ, ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಹಳ್ಳಿಗಳಲ್ಲಿ ಇಂಥ ಪುಟ್ಟ ಲಾರಿಯಿಲ್ಲದ ಬೀದಿಯನ್ನು ಹುಡುಕಬೇಕಾಗಿದೆ. ಪೊಳ್ಳಾಚಿಯ ತೆಂಗಿನಕಾಯಿ, ಕಿನತ್ತುಕಡವಿನ ಟೊಮೇಟೊ, ಪಲ್ಲಡದ ಕೋಳಿ, ಉಡುಮಲಪೇಟೆಯ ರೇಷ್ಮೆಗೂಡು, ಎಲ್ಲವೂ ರಾತ್ರಿಯ ತಂಪಿನಲ್ಲಿ ಇವುಗಳ ಬೆನ್ನೇರಿ ಹೋಗುತ್ತವೆ.

ಗಾಡಿ ಬಂದ ಮೇಲೆ ಅದಕ್ಕೆ ಒಂದೊಂದಾಗಿ ಅನುಕೂಲಗಳು ಬೇಕೆನಿಸುವುದು ಸಹಜ. ಸರಕು ಇಳಿಸುವಾಗ ಹಿಂಭಾಗಕ್ಕೆ ಒಂದು ದೀಪ ಬೇಕು. ಸರಕು ಬೇಯದಂತೆ ಗಾಳಿಯಂತ್ರ ಬೇಕು. ಚಾಲಕನಿಗೆ ನಿದ್ದೆ ಬಾರದಂತೆ ಹಾಡಿನ ಸೆಟ್ಟು ಬೇಕು. ಇವಕ್ಕೆಲ್ಲ ಒಂದೊಂದು ಸ್ವಿಚ್ಚು ಬೇಕು. ಪೇಟೆಯ ರಸ್ತೆ ಬದಿಯಲ್ಲಿ ಕೂತ ವೈರಿಂಗಿನವರು ಅರ್ಧ ಗಂಟೆಯಲ್ಲಿ ಇದನ್ನು ಮಾಡಿಕೊಡುತ್ತಾರೆ. ಹಾಡಿನ ಸೆಟ್ಟನ್ನು ಎಳೆದು, ಅದರ ಹಿಂದಿನ ಒಂದು ತಂತಿಯನ್ನು ಸುಲಿದು, ಅದಕ್ಕೆ ಇನ್ನೊಂದನ್ನು ಹೊಸೆದು, ಮೇಲೊಂದು ಕಪ್ಪು ಟೇಪು ಸುತ್ತಿದರೆ ಕೆಲಸ ಮುಗಿಯಿತು. ದೀಪ ಉರಿಯುತ್ತದೆ, ಗಾಳಿಯಂತ್ರ ತಿರುಗುತ್ತದೆ, ರೈತನು ಸಂತೋಷದಿಂದ ಹಣ ಕೊಟ್ಟು ಬರುತ್ತಾನೆ. ಈ ಅರ್ಧ ಗಂಟೆಯ ಕೆಲಸದಲ್ಲಿ ಅಡಗಿರುವ ಅಪಾಯವನ್ನೂ, ಅದನ್ನು ತಪ್ಪಿಸುವ ಸುಲಭವಾದ ದಾರಿಯನ್ನೂ ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಒಂದು ರಾತ್ರಿಯ ಪಾಠ

ಉಡುಮಲಪೇಟೆಯ ಕಡೆ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ನಮ್ಮ ಬಂಧುಗಳೊಬ್ಬರಿದ್ದಾರೆ. ಆ ಸೀಮೆಯಲ್ಲಿ ದ್ವಿತಳಿ ಗೂಡಿನ ಬೆಳೆ ಚೆನ್ನಾಗಿ ಬೇರೂರಿದೆ. ಕೊಯಮತ್ತೂರಿನಲ್ಲಿಯೂ ಧರ್ಮಪುರಿಯಲ್ಲಿಯೂ ಸರಕಾರಿ ಗೂಡಿನ ಮಾರುಕಟ್ಟೆಗಳುಂಟು. ಆದರೂ ರಾಮನಗರದ ಹರಾಜಿನಲ್ಲಿ ಒಳ್ಳೆಯ ಬೆಲೆ ಕಂಡವರು ಆ ದಾರಿಯನ್ನು ಬಿಡುವುದಿಲ್ಲ. ಅವಿನಾಶಿ, ಸೇಲಂ, ಧರ್ಮಪುರಿ, ಹೊಸೂರು ಹಾದು ರಾತ್ರಿಯೆಲ್ಲ ನಡೆದು ಬೆಳಗಿಗೆ ರಾಮನಗರ ಸೇರುವುದು ಇವರ ಪದ್ಧತಿ.

ರೇಷ್ಮೆಗೂಡು ತೆಂಗಿನಕಾಯಿಯಂತಲ್ಲ. ಅದರೊಳಗೆ ಜೀವವಿದೆ. ಗೂಡಿನೊಳಗಿನ ಹುಳು ಉಸಿರಾಡುತ್ತದೆ, ತೇವವನ್ನೂ ಶಾಖವನ್ನೂ ಹೊರಬಿಡುತ್ತದೆ. ಒತ್ತಿ ತುಂಬಿದರೆ, ಗಾಳಿ ಆಡದಿದ್ದರೆ, ಹುಳು ಒಳಗೇ ಸತ್ತು ಕೊಳೆತು ಗೂಡಿಗೆ ಕಲೆ ಹಿಡಿಯುತ್ತದೆ. ಅಂಥ ಗೂಡಿನಿಂದ ನೂಲು ಸರಿಯಾಗಿ ಬಿಚ್ಚುವುದಿಲ್ಲ. ಹರಾಜಿನಲ್ಲಿ ಕೈಹಾಕಿ ನೋಡಿದವನು ತಕ್ಷಣ ಬೆಲೆ ಇಳಿಸುತ್ತಾನೆ. ಇದನ್ನು ಬಲ್ಲ ನಮ್ಮ ಬಂಧುಗಳು ತಮ್ಮ ಸಣ್ಣ ಲಾರಿಯ ಹಿಂಭಾಗಕ್ಕೆ ಎರಡು ಗಾಳಿಯಂತ್ರಗಳನ್ನೂ ಒಂದು ದೀಪವನ್ನೂ ಕೂಡಿಸಿದರು. ಯೋಚನೆ ಒಳ್ಳೆಯದೇ, ಕೆಟ್ಟದ್ದು ಜೋಡಣೆ.

ತಂತಿಯನ್ನು ಹಾಡಿನ ಸೆಟ್ಟಿನ ಹಿಂದಿನಿಂದ ಎಳೆದಿದ್ದರು. ಮೊದಲ ದಿನವೇ ಸೆಟ್ಟಿನ ಫ್ಯೂಸು ಹೋಯಿತು. ಮತ್ತೊಂದು ಹಾಕಿದರೆ ಅದೂ ಹೋಯಿತು. ಆಗ ವೈರಿಂಗಿನವನು ೧೦ ಆಂಪಿಯರಿನ ಕೆಂಪು ಫ್ಯೂಸನ್ನು ಕಿತ್ತು ೩೦ ಆಂಪಿಯರಿನ ಹಸಿರು ಫ್ಯೂಸನ್ನು ಚುಚ್ಚಿ, “ಇನ್ನು ಹೋಗುವುದಿಲ್ಲ” ಎಂದನು. ಅವನ ಮಾತು ನಿಜವಾಯಿತು. ಫ್ಯೂಸು ಹೋಗಲಿಲ್ಲ, ಅದರ ಬದಲಿಗೆ ತಂತಿ ಹೋಯಿತು.

ಮೂರು ಮನೆಯ ಗೂಡು ತುಂಬಿಕೊಂಡು ಹೊರಟ ರಾತ್ರಿ, ಅವಿನಾಶಿ ದಾಟುವಷ್ಟರಲ್ಲಿ ರಬ್ಬರು ಸುಟ್ಟ ವಾಸನೆ ಬಂತು. ಚಾಲಕ ಎಚ್ಚರದ ಹುಡುಗ. ಗಾಡಿ ನಿಲ್ಲಿಸಿ ಇಳಿದು ಬ್ಯಾಟರಿಯ ತಂತಿಯನ್ನು ಕಿತ್ತನು. ಆದುದರಿಂದ ಬೆಂಕಿ ಏಳಲಿಲ್ಲ, ಯಾರ ಮೈಗೂ ಏನೂ ಆಗಲಿಲ್ಲ. ಆದರೆ ಡ್ಯಾಶ್‌ಬೋರ್ಡಿನೊಳಗೆ ತಂತಿಗಳ ಕಟ್ಟೆಲ್ಲ ಕರಗಿ ಒಂದಕ್ಕೊಂದು ಅಂಟಿದ್ದವು. ಮುಂದಿನ ದೀಪಗಳೂ ಉರಿಯಲಿಲ್ಲ. ಬೆಳಗಾಗುವವರೆಗೆ ಗೂಡು ಅಲ್ಲಿಯೇ ಬೇಯಿತು. ಮರುದಿನ ಬೇರೆ ಗಾಡಿಯಲ್ಲಿ ರಾಮನಗರ ಮುಟ್ಟಿದಾಗ ಕೆಳಗಿನ ಚೀಲಗಳು ಬೆಚ್ಚಗಾಗಿ ಕಲೆ ಹಿಡಿದಿದ್ದವು. ಮೂರು ಮನೆಯವರ ಒಂದು ಬೆಳೆಯ ಲಾಭ ಆ ಒಂದು ಹೊಸೆದ ತಂತಿಯಲ್ಲಿ ಹೋಯಿತು.

ಬಾವಿಯ ಸ್ಟಾರ್ಟರಿನ ಗುಟ್ಟು

ಗಾಡಿಯನ್ನು ಕೊಯಮತ್ತೂರಿಗೆ ತಂದು, ಮೋಟಾರು ಕೆಲಸದಲ್ಲಿ ತಲೆ ನೆರೆತ ಒಬ್ಬ ಮೇಸ್ತ್ರಿಯ ಮುಂದೆ ನಿಲ್ಲಿಸಿದರು. ಅವರು ದೇವಾಂಗರು, ಮನೆಮಾತು ಕನ್ನಡ. ನಾನೂ ಜೊತೆಯಲ್ಲಿದ್ದೆ. ಸುಟ್ಟ ತಂತಿಯ ಕಟ್ಟನ್ನು ಕೈಯಲ್ಲಿ ಹಿಡಿದು ನೋಡಿ ಅವರು ಬಯ್ಯಲಿಲ್ಲ, ನಗಲೂ ಇಲ್ಲ. ಕೇಳಿದ್ದು ಇಷ್ಟೇ:

“ತಮ್ಮಾ, ನಿಮ್ಮ ಬಾವಿಗೆ ಎಷ್ಟರ ಮೋಟಾರು?”

“ಐದು ಎಚ್.ಪಿ. ಅಣ್ಣಾ.”

“ಸ್ಟಾರ್ಟರಿನ ಹಸಿರು ಗುಂಡಿ ಯಾರು ಒತ್ತುತ್ತಾರೆ?”

“ಒಮ್ಮೊಮ್ಮೆ ನಾನು, ಒಮ್ಮೊಮ್ಮೆ ಅಮ್ಮ.”

“ಮೋಟಾರು ಕುಡಿಯೋ ಕರೆಂಟೆಲ್ಲ ಆ ಗುಂಡಿಯೊಳಗೇ ಹರಿದು ಹೋಗೋದಾದರೆ ಗುಂಡಿ ಉಳಿದೀತಾ? ಗುಂಡಿ ಹೇಳುತ್ತೆ ಅಷ್ಟೆ. ಪೆಟ್ಟಿಗೆಯೊಳಗೆ ಕಾಂಟಾಕ್ಟರ್ ಅಂತ ಇದೆಯಲ್ಲ, ಅದು ಕೇಳಿಸಿಕೊಂಡು ಕೆಲಸ ಮಾಡುತ್ತೆ. ಗದ್ದೆಯಲ್ಲಿ ಇಷ್ಟು ಚೆನ್ನಾಗಿ ಇಟ್ಟುಕೊಂಡಿರೋ ನೀನು, ಗಾಡಿಯಲ್ಲಿ ಮಾತ್ರ ಗುಂಡಿ ಕೈಯಲ್ಲೇ ಮೂಟೆ ಹೊರಿಸಿದ್ದೀಯ.”

ಈ ಮಾತಿನಲ್ಲಿ ವಿಷಯವೆಲ್ಲ ಬಂದುಬಿಟ್ಟಿತು. ಐದು ಎಚ್.ಪಿ.ಯ ಮೂರು ಫೇಸಿನ ಮೋಟಾರು ಓಡುವಾಗ ಪ್ರತಿ ಫೇಸಿನಲ್ಲಿ ಸುಮಾರು ಏಳೆಂಟು ಆಂಪಿಯರ್ ಎಳೆಯುತ್ತದೆ. ನೇರವಾಗಿ ಹೊರಡಿಸಿದರೆ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಬೇಕು. ಆ ಹರಿವನ್ನು ಹೊರುವುದು ಕಾಂಟಾಕ್ಟರಿನ ದಪ್ಪ ಬಿಲ್ಲೆಗಳು. ಗುಂಡಿಯೊಳಗೆ ಹರಿಯುವುದು ಆ ಬಿಲ್ಲೆಗಳನ್ನು ಎಳೆಯುವ ಸುರುಳಿಗೆ ಬೇಕಾದ ಅತ್ಯಲ್ಪ ಕರೆಂಟು ಮಾತ್ರ.

ಈ ಪಾಠವನ್ನು ಹೇಳಲು ಕೊಯಮತ್ತೂರಿಗಿಂತ ತಕ್ಕ ಊರು ಇನ್ನೊಂದಿಲ್ಲ. ೧೯೩೨ರಲ್ಲಿ ನೀಲಗಿರಿಯ ಪೈಕಾರಾದಲ್ಲಿ ಜಲವಿದ್ಯುತ್ತಿನ ಉತ್ಪಾದನೆ ಆರಂಭವಾದ ಬಳಿಕ ಈ ಸೀಮೆಯ ಗಿರಣಿಗಳಿಗೂ ಬಾವಿಗಳಿಗೂ ಕರೆಂಟು ಹರಿಯಿತು. ೧೯೨೦ರಲ್ಲಿ ಪೊಳ್ಳಾಚಿ ಮತ್ತು ಪಳನಿಯ ನಡುವೆ ಒಂದೇ ಬಸ್ಸಿನಿಂದ ವ್ಯಾಪಾರ ಆರಂಭಿಸಿದ ಜಿ. ಡಿ. ನಾಯ್ಡು ಅವರು, ಡಿ. ಬಾಲಸುಂದರಂ ನಾಯ್ಡು ಅವರ ಜೊತೆಗೂಡಿ ೧೯೩೭ರಲ್ಲಿ ವಿದ್ಯುತ್ ಮೋಟಾರನ್ನು ಇಲ್ಲಿಯೇ ತಯಾರಿಸಿದರು. ದೇಶದಲ್ಲಿಯೇ ತಯಾರಾದ ಮೊದಲ ಮೋಟಾರೆಂದು ಅದನ್ನು ಎಣಿಸುತ್ತಾರೆ. ಅಂದಿನಿಂದ ಈ ಊರಿನ ಪಂಪು ಮೋಟಾರುಗಳು ಕರ್ನಾಟಕದ ಬಾವಿಗಳಿಗೂ ಬಂದಿವೆ. ಮೋಟಾರಿನ ಜೊತೆಗೆ ಸ್ಟಾರ್ಟರೂ ಬಂದಿದೆ. ಆದುದರಿಂದ ರೈತನಿಗೆ ಇದು ಹೊಸ ವಿದ್ಯೆಯಲ್ಲ. ಬಾವಿಯಲ್ಲಿ ಇರುವುದನ್ನು ಗಾಡಿಗೆ ತರಬೇಕು, ಅಷ್ಟೇ.

ರಿಲೇ ಎಂಬ ಪುಟ್ಟ ಕಾಂಟಾಕ್ಟರ್

ಗಾಡಿಯಲ್ಲಿ ಕಾಂಟಾಕ್ಟರಿನ ಕೆಲಸ ಮಾಡುವ ವಸ್ತುವಿಗೆ ರಿಲೇ ಎಂದು ಹೆಸರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಪ್ಪು ಡಬ್ಬಿ. ಹಿಂದೆ ಟಪ್ಪಾಲಿನವರು ದೂರದ ದಾರಿಯಲ್ಲಿ ದಣಿದ ಕುದುರೆಯನ್ನು ಬಿಟ್ಟು ಹೊಸ ಕುದುರೆಯನ್ನು ಹೂಡುತ್ತಿದ್ದ ಪದ್ಧತಿಯಿಂದ ಈ ಹೆಸರು ಹುಟ್ಟಿತು. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ ೧೮೩೫ರ ಸುಮಾರಿಗೆ ಈ ಉಪಾಯವನ್ನು ತೋರಿಸಿದನು. ದೂರದಿಂದ ಬಂದು ಸೊರಗಿದ ಕರೆಂಟು ಒಂದು ವಿದ್ಯುತ್ಕಾಂತವನ್ನು ಎಳೆಯುವಷ್ಟು ಮಾತ್ರ ಮಾಡಿದರೆ ಸಾಕು. ಆ ಕಾಂತವು ಇನ್ನೊಂದು ಬಲವಾದ ಹರಿವಿನ ಬಾಗಿಲನ್ನು ತೆರೆಯುತ್ತದೆ. ತಂತಿ ಟಪ್ಪಾಲು ದೇಶದಿಂದ ದೇಶಕ್ಕೆ ಹರಡಿದ್ದು ಈ ಉಪಾಯದಿಂದಲೇ.

ಗಾಡಿಯ ರಿಲೇಗೆ ಸಾಮಾನ್ಯವಾಗಿ ನಾಲ್ಕು ಕಾಲುಗಳು. ಪ್ರತಿಯೊಂದರ ಪಕ್ಕದಲ್ಲಿ ಅಂಕೆ ಬರೆದಿರುತ್ತದೆ. ೩೦ ಎಂಬ ಕಾಲಿಗೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ದಪ್ಪ ತಂತಿ. ೮೭ರಿಂದ ಗಾಳಿಯಂತ್ರಕ್ಕೋ ದೀಪಕ್ಕೋ ಹೋಗುವ ದಪ್ಪ ತಂತಿ. ೮೬ಕ್ಕೆ ಸ್ವಿಚ್ಚಿನಿಂದ ಬಂದ ಸಣ್ಣ ತಂತಿ. ೮೫ರಿಂದ ಗಾಡಿಯ ಮೈಗೆ, ಎಂದರೆ ಅರ್ಥಿಂಗಿಗೆ, ಹೋಗುವ ತಂತಿ. ಸ್ವಿಚ್ಚು ಒತ್ತಿದಾಗ ಸುರುಳಿಯಲ್ಲಿ ಹರಿಯುವುದು ಒಂದು ಆಂಪಿಯರಿನ ಆರನೆಯ ಒಂದು ಪಾಲಿನಷ್ಟು. ಅದು ಎಳೆದು ಕೂಡಿಸುವ ಬಿಲ್ಲೆಗಳು ೩೦ ಆಂಪಿಯರನ್ನು ಹೊರಬಲ್ಲವು. ಸೆಟ್ಟಿನ ಹಿಂದಿನ ಸಣ್ಣ ತಂತಿಗೂ ಇಷ್ಟು ಹೊರೆ ಒಂದು ಹೂವಿನಷ್ಟೇ.

ಲೆಕ್ಕ ಹಾಕಿ ನೋಡಿ

ನಮ್ಮ ಬಂಧುಗಳ ಗಾಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಗಾಳಿಯಂತ್ರ ಒಂದಕ್ಕೆ ೬೦ ವಾಟ್, ಎರಡಕ್ಕೆ ೧೨೦. ದೀಪಕ್ಕೆ ೨೪ ವಾಟ್. ಒಟ್ಟು ೧೪೪. ಸಣ್ಣ ಲಾರಿಯ ಬ್ಯಾಟರಿ ೧೨ ವೋಲ್ಟಿನದು. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ: ೧೪೪ನ್ನು ೧೨ರಿಂದ ಭಾಗಿಸಿದರೆ ೧೨ ಆಂಪಿಯರ್. ಇದರ ಮೇಲೆ ಹಾಡಿನ ಸೆಟ್ಟಿನ ಸ್ವಂತ ಖರ್ಚು ಬೇರೆ. ಸೆಟ್ಟಿನ ಫ್ಯೂಸು ೧೦ ಆಂಪಿಯರಿನದು. ಅದು ಹೋದದ್ದರಲ್ಲಿ ಆಶ್ಚರ್ಯವೇನು?

ಮನೆಯಲ್ಲಿ ೨೩೦ ವೋಲ್ಟಿನಲ್ಲಿ ೧೪೪ ವಾಟೆಂದರೆ ಒಂದು ಆಂಪಿಯರೂ ಆಗುವುದಿಲ್ಲ. ಅದಕ್ಕೆಂದೇ ನಮಗೆ ಮೋಸವಾಗುವುದು. “ಬ್ಯಾಟರಿಯ ಕರೆಂಟು ಮುಟ್ಟಿದರೆ ಹೊಡೆಯುವುದಿಲ್ಲ, ಅದೇನು ಮಾಡೀತು?” ಎಂದುಕೊಳ್ಳುತ್ತೇವೆ. ಮನುಷ್ಯನ ಮೈಗೆ ೧೨ ವೋಲ್ಟು ಸೌಮ್ಯವೇ. ತಂತಿಗೆ ಮಾತ್ರ ಹಾಗಲ್ಲ. ವೋಲ್ಟು ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಹೆಚ್ಚಾಗುತ್ತದೆ. ತಂತಿಯನ್ನು ಕಾಯಿಸುವುದು ಆಂಪಿಯರೇ.

ಇನ್ನು ತಂತಿಯ ದಪ್ಪ. ಮುಕ್ಕಾಲು ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ೫ ಮೀಟರ್ ಎಳೆದು ಅದರಲ್ಲಿ ೧೨ ಆಂಪಿಯರ್ ಹರಿಸಿದರೆ ಸುಮಾರು ೧.೪ ವೋಲ್ಟು ದಾರಿಯಲ್ಲಿಯೇ ಕರಗಿಹೋಗುತ್ತದೆ. ಹೀಗೆ ಕಳೆದುಹೋದದ್ದು ೧೭ ವಾಟಿನಷ್ಟು ಶಾಖವಾಗಿ ತಂತಿಯೊಳಗೇ ನಿಲ್ಲುತ್ತದೆ. ಅದೇ ಎರಡೂವರೆ ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ, ಶಾಖ ೫ ವಾಟ್ ಮಾತ್ರ. ತೆಳು ತಂತಿಯಲ್ಲಿ ಗಾಳಿಯಂತ್ರವೂ ಮೆಲ್ಲಗೆ ತಿರುಗುವುದು, ತಂತಿಯೂ ಕಾಯುವುದು. ಹೊಸೆದು ಟೇಪು ಸುತ್ತಿದ ಜಾಗವಂತೂ ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ. ಗಾಡಿಯ ಅದುರಾಟಕ್ಕೆ ಆ ಗಂಟು ಸಡಿಲವಾಗುತ್ತ ಹೋಗಿ, ಮೇಲಿನ ಹೊದಿಕೆ ಕರಗಿ, ತಾಮ್ರವು ಕಬ್ಬಿಣಕ್ಕೆ ತಾಗುತ್ತದೆ. ಆಗ ಕೂಡಲೇ ಹೋಗಿ ಕಾಪಾಡಬೇಕಾದದ್ದು ಫ್ಯೂಸು. ೩೦ ಆಂಪಿಯರಿನ ಫ್ಯೂಸು ಇದ್ದಲ್ಲಿ ಅದು ಸುಮ್ಮನೆ ನೋಡುತ್ತಿರುತ್ತದೆ.

ಫ್ಯೂಸು ಇರುವುದು ಗಾಳಿಯಂತ್ರವನ್ನು ಕಾಯಲು ಎಂದು ಅನೇಕರ ತಿಳಿವಳಿಕೆ. ಹಾಗಲ್ಲ, ಅದು ಇರುವುದು ತಂತಿಯನ್ನು ಕಾಯಲು. ತಂತಿ ಹೊರುವುದಕ್ಕಿಂತ ಹೆಚ್ಚಿನ ಫ್ಯೂಸು ಹಾಕುವುದು, ಬೇಲಿಯನ್ನು ಕಿತ್ತು ಹೊಲ ಕಾಯಲು ಕೂತಂತೆ.

ಸೆಟ್ಟಿನ ಹಿಂದಿನ ತಂತಿಗಳು

ಹಾಗಾದರೆ ಹಾಡಿನ ಸೆಟ್ಟಿನ ತಂತಿಯನ್ನು ಮುಟ್ಟಲೇಬಾರದೇ? ಮುಟ್ಟಬಹುದು, ಮಾತು ಹೇಳಿಸಲು ಮಾತ್ರ. ಮೂಟೆ ಹೊರಿಸಲು ಅಲ್ಲ. ಅಂಗಡಿಯಲ್ಲಿ ಕೊಳ್ಳುವ ಸೆಟ್ಟುಗಳ ತಂತಿಗಳಿಗೆ ರೂಢಿಯ ಬಣ್ಣಗಳಿವೆ. ಹಳದಿಯದು ಬ್ಯಾಟರಿಗೆ ಸದಾ ಸೇರಿದ್ದು. ಗಡಿಯಾರವೂ ಕೇಂದ್ರಗಳ ನೆನಪೂ ಇದರಿಂದ ಉಳಿಯುತ್ತವೆ. ಕೆಂಪಿನದು ಬೀಗದ ಕೈ ತಿರುಗಿಸಿದಾಗ ಮಾತ್ರ ಜೀವ ಪಡೆಯುತ್ತದೆ. ಕಪ್ಪು ತಂತಿ ಅರ್ಥಿಂಗಿಗೆ. ಕಿತ್ತಳೆಯದು ರಾತ್ರಿ ಸೆಟ್ಟಿನ ಮುಖದ ಬೆಳಕಿಗೆ. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಸ್ಪೀಕರುಗಳಿಗೆ. ಇವನ್ನು ಬೇರೆ ಯಾವುದಕ್ಕೂ ಮುಟ್ಟಿಸಬಾರದು. ನೀಲಿಯ ಮೇಲೆ ಬಿಳಿ ಗೆರೆಯಿರುವ ತಂತಿಯು ಸೆಟ್ಟು ಹಾಡುವಾಗ ಆಂಪ್ಲಿಫೈಯರಿಗೆ “ಏಳು” ಎಂದು ಹೇಳುವುದಕ್ಕಾಗಿ ಇದೆ.

ಕಾರ್ಖಾನೆಯಿಂದಲೇ ಗಾಡಿಯ ಜೊತೆ ಬಂದ ಸೆಟ್ಟಿನಲ್ಲಿ ಬಣ್ಣಗಳು ಬೇರೆಯಾಗಿರಬಹುದು. ಆದುದರಿಂದ ಬಣ್ಣವನ್ನು ನಂಬಿ ಕತ್ತರಿ ಹಾಕದೆ, ಮೀಟರು ಹಿಡಿದು ನೋಡಿಯೇ ಮುಂದುವರಿಯಬೇಕು.

ಹೊಸ ಸ್ವಿಚ್ಚಿಗೆ ಆಜ್ಞೆಯ ಕರೆಂಟನ್ನು ಕೆಂಪು ತಂತಿಯಿಂದ ತೆಗೆಯುವುದು ಬಹುಮಟ್ಟಿಗೆ ಲೇಸು. ಅದಕ್ಕೆ ೨ ಆಂಪಿಯರಿನ ಪ್ರತ್ಯೇಕ ಫ್ಯೂಸು ಇರಲಿ. ಚಾಲಕ ಸ್ವಿಚ್ಚು ಆರಿಸಲು ಮರೆತರೂ ಬೀಗದ ಕೈ ತೆಗೆದ ಕೂಡಲೇ ಎಲ್ಲ ಆರುತ್ತದೆ, ಬೆಳಿಗ್ಗೆ ಬ್ಯಾಟರಿ ಸತ್ತಿರುವುದಿಲ್ಲ. ನೀಲಿ-ಬಿಳಿ ತಂತಿಯ ಶಕ್ತಿ ಬಹಳ ಕಡಿಮೆ. ಸೆಟ್ಟಿನ ಪುಸ್ತಕ ಒಪ್ಪಿದರೆ ಒಂದು ರಿಲೇಯನ್ನು ಎಳೆಯಬಹುದು, ಎರಡನೆಯದನ್ನು ಹೇರಬಾರದು. ರಿಲೇಯ ಸುರುಳಿ ಆರುವಾಗ ಹಿಮ್ಮುಖವಾಗಿ ಒಂದು ಏಟು ಕೊಡುತ್ತದೆ. ಅದನ್ನು ನುಂಗುವ ಡಯೋಡು ಒಳಗೇ ಇರುವ ರಿಲೇಯನ್ನು ಕೇಳಿ ಕೊಂಡರೆ ಸೆಟ್ಟಿಗೆ ಹಾನಿಯಿಲ್ಲ. ಅಂಥದ್ದರಲ್ಲಿ ೮೬ ಮತ್ತು ೮೫ ಅದಲುಬದಲಾಗದಂತೆ ನೋಡಿಕೊಳ್ಳಬೇಕು.

ಗೂಡಿನ ಗಾಡಿಯವರಿಗೆ ಒಂದು ತೊಡಕುಂಟು. ಚಹಾಕ್ಕೆ ನಿಲ್ಲಿಸಿ ಬೀಗದ ಕೈ ತೆಗೆದರೂ ಗಾಳಿಯಂತ್ರ ತಿರುಗುತ್ತಿರಬೇಕು. ಅಂಥವರು ಆಜ್ಞೆಯ ಕರೆಂಟನ್ನು ಬ್ಯಾಟರಿಯಿಂದಲೇ ಸಣ್ಣ ಫ್ಯೂಸಿನ ಮೂಲಕ ತರಲಿ. ಆದರೆ ಎಚ್ಚರ: ೪೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ೧೦ ಆಂಪಿಯರ್ ಎಳೆದರೆ ಎರಡು ಗಂಟೆಯಲ್ಲಿ ಅರ್ಧ ಖಾಲಿ. ಆಮೇಲೆ ಎಂಜಿನು ಹೊರಡುವ ಭರವಸೆಯಿಲ್ಲ. ಉರಿಯುತ್ತಿರುವಾಗ ಕಣ್ಣಿಗೆ ಕಾಣುವ ಚಿಕ್ಕ ದೀಪವಿರುವ ಸ್ವಿಚ್ಚನ್ನೇ ಹಾಕಿಸಬೇಕು.

ಕೆಲಸದ ಕ್ರಮ

ಮೇಸ್ತ್ರಿ ಮಾಡಿದ ಕೆಲಸವನ್ನು ನೋಡಿ ಬರೆದುಕೊಂಡ ಕ್ರಮ ಇದು. ಸ್ವತಃ ಮಾಡಲು ಬಾರದವರು ಮಾಡಿಸುವಾಗ ಪಕ್ಕದಲ್ಲಿ ನಿಂತು ಇದನ್ನು ಕೇಳಿ ಮಾಡಿಸಬೇಕು.

೧. ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಬೇಕು. ಕೆಲಸ ಮುಗಿದ ಮೇಲೆ ಅದನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು. ಸ್ಪ್ಯಾನರು ಗಾಡಿಯ ಮೈಗೆ ತಾಗಿದರೂ ಕಿಡಿ ಹಾರದು.

೨. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸಿನ ಹಿಡಿ ಇರಬೇಕು. ಫ್ಯೂಸಿನ ಹಿಂದಿರುವ ತಂತಿಗೆ ರಕ್ಷಣೆಯೇ ಇಲ್ಲ. ಆದುದರಿಂದ ಆ ತುಂಡು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ನಮ್ಮ ೧೨ ಆಂಪಿಯರಿನ ಹೊರೆಗೆ ೧೫ ಆಂಪಿಯರಿನ ನೀಲಿ ಫ್ಯೂಸು, ಎರಡೂವರೆ ಚದರ ಮಿಲಿಮೀಟರಿನ ತಂತಿ.

೩. ತಂತಿಯು ತಗಡಿನ ತೂತಿನಲ್ಲಿ ಹಾಯುವಲ್ಲಿ ರಬ್ಬರಿನ ಬಳೆ ಹಾಕಬೇಕು. ಉದ್ದಕ್ಕೂ ಪ್ಲಾಸ್ಟಿಕ್ ಕೊಳವೆಯೊಳಗೆ ಎಳೆದು ಗೇಣಿಗೊಂದು ಕಟ್ಟು ಕಟ್ಟಬೇಕು. ಹೊಗೆಕೊಳವೆ, ಡೀಸೆಲಿನ ಕೊಳವೆ, ಸ್ಟೀರಿಂಗಿನ ಸರಳು, ಇವುಗಳಿಂದ ದೂರವಿರಬೇಕು.

೪. ರಿಲೇಯನ್ನು ಕಾಲು ಕೆಳಮುಖವಾಗಿ ನಿಲ್ಲಿಸಬೇಕು. ನೀರು ಬಿದ್ದರೆ ಒಳಗೆ ನಿಲ್ಲದೆ ಇಳಿದುಹೋಗುತ್ತದೆ.

೫. ತಂತಿಗಳನ್ನು ಹೊಸೆಯಬಾರದು. ತಕ್ಕ ಅಳತೆಯ ಲಗ್ಗನ್ನು ಇಕ್ಕಳದಿಂದ ಒತ್ತಿ ಕೂಡಿಸಿ, ಶಾಖಕ್ಕೆ ಬಿಗಿಯುವ ಕವಚವನ್ನು ಏರಿಸಬೇಕು.

೬. ಅರ್ಥಿಂಗಿನ ಜಾಗದಲ್ಲಿ ಬಣ್ಣವನ್ನು ಕೆರೆದು, ಹೊಳೆಯುವ ಕಬ್ಬಿಣಕ್ಕೆ ಬೋಲ್ಟಿನಿಂದ ಬಿಗಿಯಬೇಕು. ದೀಪ ಮಂಕಾಗಿದೆಯೆಂದು ಬಂದ ಗಾಡಿಗಳಲ್ಲಿ ಬಹಳಷ್ಟಕ್ಕೆ ರೋಗ ಇಲ್ಲಿಯೇ ಎಂದು ಮೇಸ್ತ್ರಿ ಹೇಳಿದರು.

೭. ಸ್ವಿಚ್ಚುಗಳ ಮೇಲೆ “ಗಾಳಿ”, “ಹಿಂದಿನ ದೀಪ” ಎಂದು ಬರೆದಿಡಬೇಕು. ಚಾಲಕನು ರಸ್ತೆಯಿಂದ ಕಣ್ಣು ತೆಗೆಯದೆ ಕೈಗೆ ಸಿಗುವಂತಿರಬೇಕು.

೮. ಕಡೆಯಲ್ಲಿ ಎಲ್ಲವನ್ನೂ ಅರ್ಧ ಗಂಟೆ ಓಡಿಸಿ, ಪ್ರತಿ ಕೀಲನ್ನೂ ಕೈಯಿಂದ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಆ ಕೀಲನ್ನು ಬಿಚ್ಚಿ ಮತ್ತೆ ಮಾಡಬೇಕು.

ಹೊಸ ಗಾಡಿಗಳಲ್ಲಿ ಬ್ರೇಕನ್ನೂ ಎಂಜಿನನ್ನೂ ಪುಟ್ಟ ಕಂಪ್ಯೂಟರುಗಳು ನೋಡಿಕೊಳ್ಳುತ್ತವೆ. ಆ ತಂತಿಗಳಿಗೆ ಕೈಹಾಕುವ ಗೊಡವೆಯೇ ಬೇಡ. ಮೇಲಿನ ಕ್ರಮದಲ್ಲಿ ಅವನ್ನು ಮುಟ್ಟುವ ಅಗತ್ಯವೂ ಇಲ್ಲ.

ದೊಡ್ಡ ಲಾರಿಯವರಿಗೆ ಬೇರೆ ಮಾತು

ಪೊಳ್ಳಾಚಿಯಿಂದ ತೆಂಗಿನಕಾಯಿ ಹೊತ್ತು ದೂರ ಹೋಗುವ ದೊಡ್ಡ ಲಾರಿಗಳಲ್ಲಿ ೧೨ ವೋಲ್ಟಿನ ಎರಡು ಬ್ಯಾಟರಿಗಳು ಒಂದರ ಹಿಂದೊಂದು ಕೂಡಿ ೨೪ ವೋಲ್ಟಾಗಿರುತ್ತವೆ. ಹಾಡಿನ ಸೆಟ್ಟು ೧೨ ವೋಲ್ಟಿನದಾದರೆ, ಒಂದು ಬ್ಯಾಟರಿಯಿಂದ ಮಾತ್ರ ತಂತಿ ಎಳೆದುಬಿಡುವವರುಂಟು. ಸೆಟ್ಟು ಹಾಡುತ್ತದೆ ನಿಜ. ಆದರೆ ಜೋಡೆತ್ತಿನಲ್ಲಿ ಒಂದಕ್ಕೇ ನೊಗದ ಭಾರ ಹಾಕಿದಂತಾಗುತ್ತದೆ. ಆ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ. ಇಬ್ಬರಿಗೂ ಸಮನಾಗಿ ಬಡಿಸುವ ಡೈನಮೋ ತುಂಬಿದ ಬ್ಯಾಟರಿಗೆ ಮತ್ತೂ ತುಂಬುತ್ತದೆ. ಕಡೆಗೆ ಎರಡೂ ಕೆಡುತ್ತವೆ. ೨೪ ವೋಲ್ಟನ್ನು ೧೨ಕ್ಕೆ ಇಳಿಸುವ ಕನ್ವರ್ಟರನ್ನು ಕೊಂಡು ಹಾಕುವುದೇ ಸರಿಯಾದ ದಾರಿ. ರಿಲೇಯನ್ನು ಕೊಳ್ಳುವಾಗಲೂ ೨೪ ವೋಲ್ಟಿನದೇ ಎಂದು ನೋಡಿ ಕೊಳ್ಳಬೇಕು.

ಕಾನೂನಿನ ಗೆರೆ

೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಸರಕಿನ ಮೇಲೆ ಬೆಳಕು ಬೀಳಿಸುವ ಪುಟ್ಟ ದೀಪವೇ ಬೇರೆ, ಎದುರಿನವನ ಕಣ್ಣು ಕುಕ್ಕುವ ದೀಪಗಳ ಸಾಲೇ ಬೇರೆ. ಹಲವು ರಾಗಗಳಲ್ಲಿ ಕೂಗುವ ಹಾರನ್ನನ್ನು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೧೯ನೆಯ ನಿಯಮವು ನಿಷೇಧಿಸಿದೆ. ಹೊಸ ಸ್ವಿಚ್ಚು ಕೈಗೆ ಬಂತೆಂದು ಇಂಥವನ್ನು ಜೋಡಿಸಿ ದಂಡ ತೆರುವುದು ಬೇಡ. ಹೊಸದಾಗಿ ಕೊಂಡ ಗಾಡಿಯಾದರೆ, ತಂತಿಗೆ ಕೈಹಾಕುವ ಮೊದಲು ಮಾರಿದವರನ್ನು ಕೇಳಿ ಖಾತರಿ ಪತ್ರದ ಷರತ್ತನ್ನು ಓದಿಕೊಳ್ಳುವುದು ಜಾಣತನ. ತಂತಿ ಕಡಿದು ಹೊಸೆದ ಗಾಡಿಗೆ ಬೆಂಕಿ ಬಿದ್ದರೆ ವಿಮೆಯವರು ತಕರಾರು ತೆಗೆಯಬಹುದು.

ಕಡೆಯ ಮಾತು

ಮೇಸ್ತ್ರಿ ಎರಡು ರಿಲೇ, ಎರಡು ಫ್ಯೂಸು, ಹತ್ತು ಮೀಟರ್ ತಂತಿ, ಒಂದು ಹಿಡಿ ಲಗ್ಗುಗಳಲ್ಲಿ ಕೆಲಸ ಮುಗಿಸಿದರು. ಸುಟ್ಟ ತಂತಿಯ ಕಟ್ಟನ್ನು ಬದಲಿಸಲು ಆದ ಖರ್ಚಿನ ಮುಂದೆ ಇವುಗಳ ಬೆಲೆ ಏನೂ ಅಲ್ಲ. ಸೆಟ್ಟಿಗೆ ಅದರ ಹಳೆಯ ೧೦ ಆಂಪಿಯರಿನ ಕೆಂಪು ಫ್ಯೂಸು ಮತ್ತೆ ಬಂತು. ಮುಂದಿನ ಬೆಳೆಯ ಗೂಡನ್ನು ಅದೇ ಗಾಡಿ ಅದೇ ದಾರಿಯಲ್ಲಿ ಹೊತ್ತು ಹೋಯಿತು. ಅವಿನಾಶಿ ದಾಟಿದ ಮೇಲೆ ಚಾಲಕ ಒಮ್ಮೆ ನಿಲ್ಲಿಸಿ ಫ್ಯೂಸನ್ನೂ ಕೀಲುಗಳನ್ನೂ ಮುಟ್ಟಿ ನೋಡಿದನಂತೆ. ತಣ್ಣಗಿದ್ದವು. ರಾಮನಗರದಲ್ಲಿ ಚೀಲ ಬಿಚ್ಚಿದಾಗ ಗೂಡೂ ತಣ್ಣಗಿತ್ತು.

ರೈತ ಬಂಧುಗಳೆ, ಗಾಡಿಗೆ ಅನುಕೂಲಗಳು ಬೇಡವೆಂದು ನಾವು ಹೇಳುವುದಿಲ್ಲ. ಬೆಳೆಯನ್ನು ಕೆಡದಂತೆ ಪೇಟೆಗೆ ಮುಟ್ಟಿಸುವುದೂ ಬೇಸಾಯದ ಒಂದು ಭಾಗವೇ ಆಗಿದೆ. ಆದರೆ ಮೂರು ಮಾತನ್ನು ನೆನಪಿಡಿ. ಸ್ವಿಚ್ಚು ಹೇಳಲಿ, ರಿಲೇ ಹೊರಲಿ. ಹೊರೆಯ ಕರೆಂಟು ಬ್ಯಾಟರಿಯಿಂದಲೇ ತನ್ನದೇ ಫ್ಯೂಸಿನ ಮೂಲಕ ಬರಲಿ. ಫ್ಯೂಸು ಹೋದರೆ ದೊಡ್ಡ ಫ್ಯೂಸು ಹುಡುಕದೆ ಕಾರಣವನ್ನು ಹುಡುಕಿ. ಇನ್ನು ಯಾರಾದರೂ ನಿಮ್ಮ ಗಾಡಿಯ ಸೆಟ್ಟನ್ನು ಎಳೆದು ಅದರ ತಂತಿಯನ್ನು ಸುಲಿಯಲು ಹೊರಟರೆ, ಕೈ ತಡೆದು, ನಿಮ್ಮ ಬಾವಿಯ ಸ್ಟಾರ್ಟರನ್ನು ನೆನೆದುಕೊಳ್ಳಿ.